ಅಳಿಸದ ಗೂನು

ಮೊನ್ನೆ ಲ್ಯಾಬಿನಲ್ಲಿ ಬೆಸುಗೆ ಹಾಕುತ್ತಿದ್ದಾಗ ರಾಳದ ಹೊಗೆ ಮೂಗಿಗಡರಿತು. ತಕ್ಷಣ ನಮ್ಮ ಮೇಡಂ ನೆನಪಾದರು... ಅವರ ಸೆರಗಿನಲ್ಲೂ ಇದೇ ವಾಸನೆ ಇರುತ್ತಿತ್ತು.

ನಾನು ನಂಜನಗೂಡಿನಲ್ಲಿ ಎಲೆಕ್ಟ್ರಾನಿಕ್ಸ್ ಡಿಪ್ಲೊಮಾ ಓದುತ್ತಿದ್ದ ಕಾಲ. ಮೇಡಂ ಪಕ್ಕದ ಹದಿನಾರು ಗ್ರಾಮದವರು, ಪಾಠವೂ ಊರಿನ ಮಾತಿನಲ್ಲೇ. ಆಂಪ್ಲಿಫೈಯರ್‌ನಿಂದ ಹೊರಬಂದ ಸಿಗ್ನಲ್‌ನಲ್ಲಿ ಸ್ವಲ್ಪವನ್ನು ತಿರುಗಿಸಿ ಒಳಕ್ಕೇ ಕೊಟ್ಟು ಅದರ ಅಬ್ಬರ ತಗ್ಗಿಸುವುದೇ ಫೀಡ್‌ಬ್ಯಾಕ್. ಅಬ್ಬರ ತಗ್ಗಿದರೂ ಗಡಸು ದನಿಯಿಂದ ಕೀರಲು ದನಿಯವರೆಗೆ ಎಲ್ಲವೂ ಒಂದೇ ಸಮ ಬರುತ್ತದೆ. ಆದರೆ ದನಿ ತೀರಾ ಮೇಲೇರಿದಾಗ ಮರಳುವ ಸಿಗ್ನಲ್ ತಡವಾಗುತ್ತದೆ. "ಉಯ್ಯಾಲೆ ನಿಲ್ಸಕ್ಕೆ ಓದ ಕೈ ಒಸಿ ತಡ ಆದ್ರೆ ತಳ್ದಂಗೇ ಆಯ್ತದೆ ಕಣವ್ವ," ಎನ್ನುತ್ತಿದ್ದರು. ಆಗ ಗ್ರಾಫಿನ ತುದಿಯಲ್ಲಿ ಗೆರೆ ಗೂನುಬೆನ್ನಿನಂತೆ ಉಬ್ಬುತ್ತದೆ. ತಡ ಇನ್ನೂ ಹೆಚ್ಚಿದರೆ ಆಂಪ್ಲಿಫೈಯರ್ ತನ್ನಷ್ಟಕ್ಕೇ ಕಿರುಚತೊಡಗುತ್ತದೆ.

ಪ್ರಾಕ್ಟಿಕಲ್ ಪರೀಕ್ಷೆಯಲ್ಲಿ ನನ್ನ ಗ್ರಾಫಿನಲ್ಲಿ ಆ ಗೂನು ಬಂತು. ಹೊರಗಿನಿಂದ ಬಂದಿದ್ದ ಪರೀಕ್ಷಕರು, "ಪುಸ್ತಕದಲ್ಲಿ ಹೀಗಿಲ್ಲವಲ್ಲ, ಅಳಿಸಿ ನೇರ ಮಾಡಮ್ಮ," ಎಂದರು. ಉಳಿದವರೆಲ್ಲ ಸೀನಿಯರ್‌ಗಳ ರೆಕಾರ್ಡ್ ನೋಡಿ ಗೆರೆ ಎಳೆದಿದ್ದರು. ಎಲ್ಲರ ಗ್ರಾಫೂ ಒಂದೇ ತಾಯಿಯ ಮಕ್ಕಳು. ನಾನು ಫೇಲಾದರೆ ಓದು ಬಿಡಿಸುತ್ತೇನೆಂದು ಅಪ್ಪ ಹೇಳಿಯಾಗಿತ್ತು. ರಬ್ಬರ್ ಕೈಯಲ್ಲೇ ಇತ್ತು. ಬಾಗಿಲ ಬಳಿ ನಿಂತಿದ್ದ ಮೇಡಂ ಮುಖ ನೋಡಿದೆ.

"ಏನ್ ಬಂತೋ ಅದ್ನೇ ಬರಿ ಮಗ."

ಅಳಿಸಲಿಲ್ಲ. ತಲೆ ಎತ್ತಿಕೊಂಡೇ ಫೇಲಾದೆ, ಮನೆಗೆ ಬಂದು ಅತ್ತೆ.

ಆ ಭಾನುವಾರ ಮೇಡಂ ಮೂಗೂರಿನ ನಮ್ಮ ಮನೆಗೇ ಬಂದರು. "ಒಂದ್ ಗೆರೆ ಅಳ್ಸಿದ್ರೆ ಮುಗ್ದೋಯ್ತಿತ್ತಲ್ಲ ಮೇಡಂ?" ಎಂದು ಅಪ್ಪ ಗುರುಗುಟ್ಟಿದರು.

"ಗೆರೆ ಓಯ್ತಿತ್ತು, ಗೂನು ಓಯ್ತಿರ್ಲಿಲ್ಲ. ಇನ್ನೊಂದ್ಸಲ ಬರೀಲಿ ಬುಡಿ, ನಾನಿವ್ನಿ."

ಅಪ್ಪ ಕೊನೆಗೆ ಹೂಂ ಎಂದರು.

ಮುಂದಿನ ಪರೀಕ್ಷೆಯಲ್ಲಿ ಅದೇ ಗೂನನ್ನು ಮತ್ತೆ ಬರೆದೆ. ಫೀಡ್‌ಬ್ಯಾಕ್ ದಾರಿಯಲ್ಲಿ ಪುಟ್ಟದೊಂದು ಕೆಪಾಸಿಟರ್ ಹಾಕಿದ್ದೇ ತಡ, ಗೂನು ಇಳಿಯಿತು. ಅದನ್ನೂ ಪಕ್ಕದಲ್ಲೇ ಬರೆದೆ. ಈ ಸಲದ ಪರೀಕ್ಷಕರು ಎರಡನ್ನೂ ನೋಡಿ ಪಾಸು ಮಾಡಿದರು.

ಈಗ ಟಿ. ನರಸೀಪುರದಲ್ಲಿ ನನ್ನದೂ ಅದೇ ಪಾಠ. ಮೊನ್ನೆ ಆ ಬೆಸುಗೆಯ ನಡುವೆಯೇ ಒಬ್ಬಳು ಗ್ರಾಫ್ ಹಿಡಿದು ಬಂದಳು. ತುದಿಯಲ್ಲಿ ಗೂನು. "ಅಳಿಸ್ಲಾ ಮಿಸ್?"

"ನಾಳೆ ಇನ್‌ಸ್ಪೆಕ್ಷನ್ ಕಣ್ರೀ, ನೇರ ಮಾಡ್ಸಿಬಿಡಿ," ಎಂದರು ಪಕ್ಕದ ಮೇಜಿನ ಸಹೋದ್ಯೋಗಿ.

ಅವಳ ಕೈಯಿಂದ ರಬ್ಬರ್ ಕಿತ್ತು ನನ್ನ ಡ್ರಾಯರಿಗೆ ಹಾಕಿದೆ. ಯಾರು ಬರುತ್ತಾರೋ ಬರಲಿ. ಅಭ್ಯಾಸಬಲದಿಂದ ಬಾಗಿಲ ಕಡೆ ನೋಡಿದೆ... ಮೇಡಂ ತೀರಿಕೊಂಡು ಎರಡು ವರ್ಷವಾಯಿತು, ಅಲ್ಲಿ ಯಾರೂ ಇರಲಿಲ್ಲ.

ನಾನೇ ಹೋಗಿ ನಿಂತೆ.