ಬೋರಮಾಳಕ್ಕೆ ಅಜ್ಜಿ ಕೊಟ್ಟ ತೀರ್ಪು

ನನಗೆ ಹಳೆ ಒಡವೆಗಳ ಹುಚ್ಚು ಹಿಡಿದದ್ದು ತೊಂಬತ್ತರ ದಶಕದಲ್ಲಿ, ಪಿಯುಸಿ ಓದುವಾಗ. ಹುಚ್ಚೆಂದರೆ ಅಂತಿಂಥ ಹುಚ್ಚಲ್ಲ. ಕೊಟ್ಟೂರಿನ ಸಂತೆಯಲ್ಲಿ ಬದನೆಕಾಯಿ ಆರಿಸುವ ಹೆಂಗಸರ ಕಿವಿಗೇ ಕಣ್ಣು ನೆಟ್ಟು ನಿಂತುಬಿಡುತ್ತಿದ್ದೆ. ಮದುವೆ ಮನೆಯಲ್ಲಿ ಗುರುತಿಲ್ಲದವರ ಸರವನ್ನೂ ಎತ್ತಿ, ಕೊಂಡಿ ತಿರುಗಿಸಿ ನೋಡುತ್ತಿದ್ದೆ. ಬಿಸ್ಕತ್ತಿನ ಡಬ್ಬಿಯಲ್ಲಿ ನನ್ನದೇ ಸಂಗ್ರಹವೂ ಇತ್ತು: ಜೋಡಿ ಕಳೆದುಕೊಂಡ ಬುಗುಡಿ, ಗಾಜಿನ ಹರಳಿನ ನತ್ತು, ಬಂಗಾರದ ಬಣ್ಣ ಹೋದ ಗಿಲೀಟಿನ ವಂಕಿ. ಅವ್ವ ಅದನ್ನು ಗುಜರಿ ಡಬ್ಬಿ ಎನ್ನುತ್ತಿದ್ದಳು. ಅನ್ನಲಿ, ನನಗೇನು!

ಈ ವಿದ್ಯೆಗೆ ನನ್ನ ಗುರು ಅಜ್ಜಿ, ಅಪ್ಪನ ತಾಯಿ. ಓಣಿಯಲ್ಲಿ ಯಾರ ಮನೆಗೆ ಒಡವೆ ಬಂದರೂ ಅದು ಮೊದಲು ಅಜ್ಜಿಯ ಅಂಗೈಗೆ ಬರಬೇಕು, ಪತ್ತಾರನ ಒರೆಗಲ್ಲು ಏನಿದ್ದರೂ ಆಮೇಲೆ. ಅಜ್ಜಿ ಅಂಗೈಯಲ್ಲಿ ಕುಣಿಸಿ ತೂಕ ನೋಡುವಳು, ಹೆಬ್ಬೆರಳಿನಿಂದ ಗಸಗಸ ಉಜ್ಜಿ ಮೂಸುವಳು.

"ತಾಮ್ರ, ಹಿತ್ತಾಳಿ ಆದ್ರ ವಾಸನಿ ಬರ್ತೈತಿ. ಬಂಗಾರಕ್ಕ ವಾಸನಿ ಇಲ್ಲ. ಗುಂಡೆಲ್ಲಾ ಒಂದಾ ಸಮ ಇದ್ರ ಮಷಿನ್ನಿಂದು ಅಂತ ತಿಳಿ. ಕೈಲೆ ಮಾಡಿದ್ರಾಗ ಒಂದು ದಪ್ಪ, ಒಂದು ಸಣ್ಣ ಇರ್ತೈತಿ. ಮೊದ್ಲ ಕೊಂಡಿ ನೋಡು. ಗಿಲೀಟು ಅಲ್ಲೇ ಸವೀತೈತಿ."

ಗುಂಡು ಪೋಣಿಸಿದ ಬೋರಮಾಳ ಸರದ್ದು ಮಾತ್ರ ಬೇರೆ ಲೆಕ್ಕ. ಅದರ ಗುಂಡುಗಳಿಗೆ ಮೇಲೆ ತೆಳು ಬಂಗಾರ, ಒಳಗೆ ಅರಗು. ಹಗುರ ಇದೆಯೆಂದು ಹೊಸಬರು ಅದನ್ನು ಗಿಲೀಟು ಅಂದುಬಿಡುತ್ತಾರೆ. ನಾನೂ ಹಾಗಂದು ತಲೆಗೆ ಮೊಟಕಿಸಿಕೊಂಡವಳೇ. ಅಜ್ಜಿಗೆ ಒಡವೆ ಬಲ್ಲವಳೆಂಬ ತನ್ನ ಈ ಹೆಸರಿನ ಮೇಲೆ ಎಲ್ಲಿಲ್ಲದ ಅಭಿಮಾನ. ಊಟ ಅರ್ಧಕ್ಕೆ ಬಿಟ್ಟಾದರೂ ಒಡವೆ ನೋಡಲು ಏಳುತ್ತಿದ್ದಳು.

ಆ ವರ್ಷ ಅಕ್ಕನಿಗೆ ಹಗರಿಬೊಮ್ಮನಹಳ್ಳಿಯ ಗಂಡು ಗೊತ್ತಾಯಿತು. ನಿಶ್ಚಯದ ದಿನ ಬೀಗಿತ್ತಿ, ಅಂದರೆ ಹುಡುಗನ ತಾಯಿ, ಅಕ್ಕನ ಕೊರಳಿಗೆ ಬೋರಮಾಳ ಹಾಕಿ ಹೋದರು. ಅಜ್ಜಿ ಅಂದು ಜ್ವರ ಬಂದು ಮಲಗಿದ್ದಳು, ಸರ ನೆಟ್ಟಗೆ ಟ್ರಂಕು ಸೇರಿತು. ಅಕ್ಕನಂತೂ ಆ ಹುಡುಗನಿಗೆ ಪೂರ್ತಿ ಸೋತುಹೋಗಿದ್ದಳು. ಅವನ ಮಾತೆತ್ತಿದರೆ ಸಾಕು, ಹೆಂಚಿನ ಮೇಲೆ ರೊಟ್ಟಿ ಸೀಯುತ್ತಿತ್ತು.

ಗೌರಿ ಹುಣ್ಣಿಮೆ ಬಂತು. ಅವತ್ತು ನಮ್ಮ ಕಡೆ ಹೆಣ್ಣುಮಕ್ಕಳು ಇದ್ದಬದ್ದ ಒಡವೆಯನ್ನೆಲ್ಲ ಹೇರಿಕೊಂಡು ಗೌರಿಗೆ ಸಕ್ಕರೆ ಆರತಿ ಒಯ್ಯುತ್ತಾರೆ. ನಿಶ್ಚಯವಾದ ಹುಡುಗಿಗೆ ಗಂಡಿನ ಮನೆಯವರೇ ಸಕ್ಕರೆ ಗೊಂಬೆ, ಸೀರೆ ತರುತ್ತಾರೆ. ಸಂಜೆ ಅಕ್ಕನ ಜಡೆಗೆ ಹಡಗಲಿ ಮಲ್ಲಿಗೆ ಮುಡಿಸುತ್ತಿದ್ದೆ. ಬೋರಮಾಳದ ಕೊಂಡಿ ಕೈಗೆ ತಾಕಿತು. ನೋಡಿದರೆ ಒಳಗಿನಿಂದ ಕೆಂಪಗೆ ತಾಮ್ರ ಇಣುಕುತ್ತಿದೆ! ಉಜ್ಜಿ ಮೂಸಿದೆ. ನಮ್ಮ ನೀರಿನ ಕೊಡದ್ದೇ ವಾಸನೆ.

"ಅಕ್ಕಾ, ಇದು ಗಿಲೀಟು!"

ಅಕ್ಕ ಗಪ್ಪನೆ ನನ್ನ ಬಾಯಿ ಮುಚ್ಚಿದಳು. "ಸುಮ್ನಿರಲೇ! ಅಪ್ಪಗ ಗೊತ್ತಾದ್ರ ಮದುವಿ ಮುರೀತಾನ. ನನಗ ಸರ ಬ್ಯಾಡ, ಆತ ಬೇಕು."

ಮುರಿಯುವವನೇ ಸೈ. ತೆಂಗಿನಕಾಯಿ ಕೊಳೆತದ್ದು ಕೊಟ್ಟನೆಂದು ಅಂಗಡಿಯವನ ಜೊತೆ ಮಾತು ಬಿಟ್ಟ ಮನುಷ್ಯ ನಮ್ಮಪ್ಪ. ನಾನು ಅಕ್ಕನ ಸೆರಗು ಎಳೆದು ಕೊಂಡಿ ಮುಚ್ಚಿದೆ.

ಪಡಸಾಲೆಗೆ ಬಂದರೆ ಅಲ್ಲಿ ಓಣಿಯ ಹೆಂಗಸರೆಲ್ಲ ನೆರೆದಿದ್ದರು. ಅಪ್ಪನ ಅಕ್ಕ, ನಮ್ಮ ಅತ್ತಿ, ಕಣ್ಣು ಕಿರಿದು ಮಾಡಿದಳು. "ಯಾಕೋ ಈ ಸರ ಕೆಂಪ ಹೊಡಿಯಾಕತ್ತೈತಿ. ಅವ್ವಾ, ನೀ ಒಂಚೂರು ನೋಡಬೇ."

ಅಪ್ಪ ಎದ್ದು ಬಂದು ಪಕ್ಕದಲ್ಲಿ ನಿಂತ. ಮುಗಿಯಿತು ಕಥೆ ಅಂದುಕೊಂಡೆ. ಅಜ್ಜಿ ಸರವನ್ನು ಅಂಗೈಯಲ್ಲಿ ಕುಣಿಸಿದಳು, ಉಜ್ಜಿದಳು, ಮೂಸಿದಳು, ಕೊಂಡಿ ನೋಡಿದಳು. ಆಮೇಲೆ ಅಕ್ಕನ ಮುಖ ನೋಡಿದಳು.

"ಹಳೇ ಬಂಗಾರ. ಅಪ್ಪಟ. ಇಂಥಾದ್ದು ಈಗ ಎಲ್ಲಿ ಮಾಡ್ತಾರ?"

ಅಪ್ಪ ಹೋಗಿ ಎಲೆಯಡಿಕೆ ತಟ್ಟೆ ಎಳೆದುಕೊಂಡ.

ಅಷ್ಟರಲ್ಲಿ ಬಸ್ಸಿಳಿದು ಬೀಗಿತ್ತಿ ಬಂದರು. ಸಕ್ಕರೆ ಗೊಂಬೆಯ ಬುಟ್ಟಿ ಇಳಿಸಿ, ಕೊಟ್ಟ ನೀರನ್ನೂ ಕುಡಿಯದೆ, ಸೊಂಟದಿಂದ ಒಂದು ಗಂಟು ತೆಗೆದರು.

"ಬೀಗರ, ಬೈಬ್ಯಾಡ್ರಿ. ಅವತ್ತು ನಾ ಹಾಕಿದ್ದು ಗಿಲೀಟು. ಹೊಳೀಲಿ ಅಂತ ನನ್ನ ಮಗಳು ನಮ್ಮತ್ತಿ ಕಾಲದ ಬೋರಮಾಳನ ಕುದಿಯೋ ಸೀಗಿಕಾಯಿ ನೀರಾಗ ಅದ್ದಿಬಿಟ್ಲರಿ! ಅರಗೆಲ್ಲಾ ಕರಗಿ ಗುಂಡು ಚಪ್ಪಟಿ ಆಗಿ ಕುಂತ್ವು. ಹರಪನಹಳ್ಳಿ ಪತ್ತಾರ ಹೊಸ ಅರಗು ತುಂಬಿ ನಿನ್ನೆ ಕೊಟ್ಟ. ಗೌರವ್ವನ ಮುಂದ ಹುಡುಗಿ ಸುಳ್ಳು ಸರ ಹಾಕ್ಕೊಂಡು ನಿಂದ್ರಬಾರ್ದು ಅಂತ ಓಡಿ ಬಂದೆ."

"ಇಷ್ಟು ನೇರ ಮಾತಾಡೋ ಬೀಗರು ಸಿಗಬೇಕಲ್ಲ," ಎಂದು ಅಪ್ಪ ಹೋ ಎಂದು ನಕ್ಕ. ಅಕ್ಕ ಅಳುತ್ತಾ ನಗುತ್ತಿದ್ದಳು. ನನಗಂತೂ ಕುಣಿಯುವಷ್ಟು ಖುಷಿ! ಆಗ ಅತ್ತಿ ಅಜ್ಜಿಯತ್ತ ತಿರುಗಿದಳು. "ಅವ್ವಾ! ಅಪ್ಪಟ ಅಂದ್ಯಲ್ಲಬೇ!"

ಹೆಂಗಸರೆಲ್ಲ ಸೆರಗು ಬಾಯಿಗಿಟ್ಟು ಬಿದ್ದುಬಿದ್ದು ನಕ್ಕರು. ಎಲ್ಲರಿಗಿಂತ ಜೋರಾಗಿ ನಕ್ಕವಳು ಅಜ್ಜಿ. "ಕಣ್ಣಿಗೆ ಪೊರಿ ಬಂದೈತ್ರವ್ವಾ. ಮೂಗೂ ಹೋತು ಕಾಣ್ತೈತಿ!"

ಆರತಿ ಹಿಡಿದು ಗುಡಿಗೆ ಹೋಗುವಾಗ ಅಜ್ಜಿಯ ಮೊಣಕೈ ಹಿಡಿದು ಕೇಳಿದೆ. "ನಿನಗ ಗೊತ್ತಿತ್ತು, ಹೌದಿಲ್ಲೋ?"

"ಲೇ ಹುಚ್ಚಿ, ಕೈಗೆ ಬರೋಕಿಂತ ಮೊದ್ಲ ಗೊತ್ತಿತ್ತು. ನಿಮ್ಮಕ್ಕನ ಮಾರಿ ನೋಡಿದ್ಯಾ? ನನ್ನ ಹೆಸರು ಇದ್ರೆಷ್ಟು, ಹೋದ್ರೆಷ್ಟು. ಯಾರ ಮುಂದೂ ಬಾಯಿ ಬಿಡಬ್ಯಾಡ ಮತ್ತ."

ಹೆಸರು ಹೋಗಿಯೇ ಹೋಯಿತು. ಕೆಲವು ದಿನಗಳ ಮೇಲೆ ಎದುರು ಮನೆಯಾಕೆ ಹೊಸ ಬೆಂಡೋಲೆ ಹಿಡಿದು ಬಂದಳು. ಅಜ್ಜಿ ಕಟ್ಟೆಯ ಮೇಲೆ ಶೇಂಗಾ ಸುಲಿಯುತ್ತಿದ್ದಳು. ಆಕೆ ಅಜ್ಜಿಯನ್ನು ದಾಟಿ ಬಂದು ಓಲೆಯನ್ನು ನನ್ನ ಮುಂದೆ ಹಿಡಿದಳು. "ನೀನಾ ನೋಡವ್ವ. ಅಜ್ಜಿಗಿ ಎಲ್ಲಿ ಕಾಣ್ತೈತಿ."

ಸಿಟ್ಟು ನೆತ್ತಿಗೇರಿತು. ಎಲ್ಲ ಹೇಳಿಬಿಡಬೇಕು ಅನಿಸಿತು. ಅಜ್ಜಿ ಕಣ್ಣಲ್ಲೇ ಬೇಡ ಅಂದಳು.

"ಹ್ಞೂಂ, ಆಕಿಗೇ ಕೊಡವ್ವ," ಎಂದು ನಕ್ಕು, ಆಗಲೇ ಚಾಚಿಬಿಟ್ಟಿದ್ದ ಅಂಗೈಯನ್ನು ಮೆಲ್ಲಗೆ ಹಿಂದಕ್ಕೆಳೆದು ಶೇಂಗಾದ ಬುಟ್ಟಿಯೊಳಗೆ ಇಟ್ಟಳು.