ಅಮಾವಾಸ್ಯೆಯ ಪೂಜೆಗೆ ಬಾಯಿ ಮುಚ್ಚಿಸಿದ ಎಚ್ಚರಿಕೆ

ಕಂಪ್ಯೂಟರು ತಾನಾಗಿ ಏನನ್ನೂ ಬರೆದಿಡುವುದಿಲ್ಲ. ಪ್ರೋಗ್ರಾಮ್ ಬರೆದವರು ಬರೆ ಎಂದದ್ದನ್ನಷ್ಟೇ ಬರೆಯುತ್ತದೆ. ಇಷ್ಟೂ ತಿಳಿಯದವರು ವಿಚಾರಣೆಗೆ ಕೂತು ಹುಲ್ಲಪ್ಪನ ಅನ್ನ ಕಿತ್ತುಕೊಂಡಿದ್ದಾರೆ.

ಹುಲ್ಲಪ್ಪ ಬೇವೂರಿನವನು. ಹುನಗುಂದದ ಹೊರಗಿನ ಎಣ್ಣೆ ಗಿರಣಿಯಲ್ಲಿ ಬಾಯ್ಲರ್ ಕಾಯುತ್ತಿದ್ದ. ನೀರಿನ ಮಟ್ಟ ತೋರಿಸುವ ಗಾಜಿನ ನಳಿಗೆ ಒಡೆದಾಗ ಮಾಲೀಕರು ಹೊಸದು ಹಾಕಿಸಲಿಲ್ಲ. ಎಂಬತ್ತೆಂಟರಲ್ಲಿ ಕಂಪ್ಯೂಟರು ಬಂದಿತ್ತಲ್ಲ, ಅದೇ ನೋಡಿಕೊಳ್ಳಲಿ ಎಂದರು. ಗಿರಣಿಯ ಕಂಪ್ಯೂಟರ್ ಕೆಲಸಕ್ಕಿದ್ದ ಇಳಕಲ್ಲಿನ ಜೋಹರಾ, ಸಿ ಎಂಬ ಕಂಪ್ಯೂಟರ್ ಭಾಷೆಯಲ್ಲಿ ಪ್ರೋಗ್ರಾಮ್ ಬರೆದಳು. ನೀರು ಇಳಿದರೆ ಅದು ಸಿಸ್ಟಮ್ ಲಾಗಿಗೆ, ಅಂದರೆ ಯಂತ್ರದ ದಿನಚರಿಗೆ, ಒಂದು ಸಾಲು ಕಳಿಸುತ್ತಿತ್ತು. ಸಾಲಿನ ಜೊತೆ ಅದೆಷ್ಟು ತುರ್ತು ಎಂಬುದನ್ನೂ ಹೇಳಬೇಕು. ‘ಅಲರ್ಟ್’ ಎಂದರೆ ಲಾಗಿನಲ್ಲಿ ದಾಖಲಾಗಿ, ಬಾಯ್ಲರ್ ಮನೆಯ ಪರದೆಯ ಮೇಲೂ ಮೂಡಿ ಗಂಟೆ ಹೊಡೆಯುತ್ತದೆ. ‘ಡಿಬಗ್’ ಎಂದರೆ, ಆ ಯಂತ್ರದ ಏರ್ಪಾಟಿನಲ್ಲಿ, ಲಾಗಿನಲ್ಲೂ ಉಳಿಯದೆ ನೇರ ಕಸಕ್ಕೆ.

ಪ್ರತಿ ಅಮಾವಾಸ್ಯೆಗೆ ಬಾಯ್ಲರಿಗೂ ಪರದೆಗೂ ಪೂಜೆ. ಊರ ಗಣ್ಯರಿಗೆಲ್ಲ ಆಹ್ವಾನ. ಕಳೆದ ಶ್ರಾವಣದಲ್ಲಿ ಮಂಗಳಾರತಿ ಎತ್ತುವಾಗಲೇ ಗಂಟೆ ಹೊಡೆಯಿತು. ಹುಲ್ಲಪ್ಪ ಓಡಿಹೋಗಿ ಪಂಪ್ ಚಾಲೂ ಮಾಡಿದ, ಅನಾಹುತ ತಪ್ಪಿತು. ಮ್ಯಾನೇಜರ್ ಅಂದಪ್ಪನವರಿಗೆ ಕಂಡದ್ದು ಅಪಶಕುನ ಮಾತ್ರ.

“ಏನವಾ ಜೋಹರಾ, ದೇವರ ಮುಂದ ನಿನ್ನ ಪೆಟ್ಟಿಗಿ ಹಿಂಗ ಒದರೋದೇನು? ಅದರ ಬಾಯಿ ಮುಚ್ಚಸು.”

“ನೀರ ಇಳದಿತ್ರಿ ಸರ. ಅದು ಒದರಲಿಲ್ಲಂದ್ರ ಹುಲ್ಲಪ್ಪ ಕಾಕಾಗ ಹೆಂಗ ಗೊತ್ತಾಗಬೇಕ್ರಿ?”

“ಅವಗ ಕಣ್ಣಿಲ್ಲೇನು? ನೀ ಹುಟ್ಟೂಕಿಂತ ಮೊದ್ಲ ಬಾಯ್ಲರ್ ಉರಸ್ಯಾನ.”

“ಗಾಜಿನ ನಳಗಿನ ಇಲ್ಲಲ್ರಿ, ಕಣ್ಣಿಟ್ಟು ಏನ ನೋಡಬೇಕ್ರಿ?”

“ಭಾಳ ಶಾಣ್ಯಾಕಿ ಆಗಬ್ಯಾಡ. ಮುಂದಿನ ಅಮಾಸಿಗೆ ಸಪ್ಪಳ ಕೇಳಿತಂದ್ರ ನೀನೂ ಇಲ್ಲಿ ಇರೂದಿಲ್ಲ.”

ಜೋಹರಾ ‘ಅಲರ್ಟ್’ ಅಳಿಸಿ ‘ಡಿಬಗ್’ ಎಂದು ಬರೆದಳು. ಹೆದರಿ ಬರೆದಳು, ಹುಲ್ಲಪ್ಪನಿಗೆ ಹೇಳಲೂ ಇಲ್ಲ. ಅದಕ್ಕೆ ನನ್ನಲ್ಲಿ ಕ್ಷಮೆಯಿಲ್ಲ. ಮುಂದಿನ ಪೂಜೆ ಸುಸೂತ್ರವಾಗಿ ನಡೆಯಿತು. ಅದಾದ ವಾರದಲ್ಲೇ ನೀರು ಇಳಿದು, ಬಾಯ್ಲರಿನ ಕೊಳವೆ ಕಾದು ಸಿಡಿದು, ಹುಲ್ಲಪ್ಪನ ಬಲಗೈ ಮೊಣಕೈವರೆಗೆ ಬೆಂದಿತು.

ಗಿರಣಿಯವರೇ ನಡೆಸಿದ ವಿಚಾರಣೆಯಲ್ಲಿ ಅಂದಪ್ಪನವರು ಅಂದದ್ದಿಷ್ಟು: “ಲಾಗಿನ್ಯಾಗ ಏನೂ ಇಲ್ಲ. ಅಂದಮ್ಯಾಲ ನೀರು ಬರೋಬರ್ ಇತ್ತು. ವಾಲ್ವ್ ತಪ್ಪ ತಿರುವಿದಾಂವ ಇವನ.” ಸುಟ್ಟ ಕೈಗೆ ಕೆಲಸದಿಂದ ತೆಗೆದ ಆದೇಶ ಕೊಟ್ಟರು.

ಆಗ ಜೋಹರಾ ಎದ್ದು ನಿಂತಳು. “ಯಂತ್ರ ಸಾಲು ಕಳಿಸಿತ್ರಿ. ಕಸಕ್ಕ ಹಾಕಸಿದವರು ನೀವು, ಹಾಕಿದಾಕಿ ನಾ.”

ಮರುದಿನವೇ ಅವಳಿಗೂ ಗೇಟು ಮುಚ್ಚಿತು. ಈಗ ಗಿರಣಿಯವರು ಪ್ರೋಗ್ರಾಮನ್ನೇ ಅಳಿಸಿಹಾಕಿ, ಗಂಟೆಯೆಂಬುದು ಎಂದೂ ಇರಲೇ ಇಲ್ಲ, ಹುಡುಗಿ ಕಟ್ಟಿದ ಕಥೆ ಎನ್ನುತ್ತಿದ್ದಾರೆ.

ಹುನಗುಂದದ ವರ್ತಕರೇ, ವಕೀಲರೇ, ಶ್ರಾವಣದ ಆ ಪೂಜೆಯಲ್ಲಿ ನೀವಿದ್ದಿರಿ. ಗಂಟೆ ಹೊಡೆದದ್ದನ್ನು ನಿಮ್ಮ ಕಿವಿಯಾರೆ ಕೇಳಿದ್ದೀರಿ. ಹುಲ್ಲಪ್ಪ ಗಿರಣಿಯ ಮೇಲೆ ಹೂಡಿದ ದಾವೆ ನಿಮ್ಮೂರ ಕೋರ್ಟಿನಲ್ಲೇ ಇದೆ. ಬಂದು ಕಟಕಟೆ ಹತ್ತಿ, ಕೇಳಿದ್ದನ್ನು ಹೇಳಿ.