ತಾಸು ಯಾವಾಗ ಶುರು

ನನಗೆ ಸುಮ್ಮನೆ ಕೂರಲು ಬರುವುದಿಲ್ಲ. ಕೂತರೂ ಮೇಜಿನ ಕೆಳಗೆ ಕಾಲು ಕುಣಿಯುತ್ತಲೇ ಇರುತ್ತದೆ. ಅಂಥವಳು ಕೊಪ್ಪಳದ ಕಚೇರಿಯೊಂದರಲ್ಲಿ ಹಂಗಾಮಿ ಟೈಪಿಸ್ಟ್ ಆಗಿ ಎರಡು ವರ್ಷ ಕಳೆದದ್ದೇ ದೊಡ್ಡದು. ಎಂಬತ್ತರ ದಶಕದ ಶುರುವಿನಲ್ಲಿ, ಒಂದು ಯುಗಾದಿ ಮುಗಿದ ಮೇಲೆ, ಆ ಕೆಲಸ ಬಿಟ್ಟೆ. ಹಳೆಯ ಕನ್ನಡ ಟೈಪ್‌ರೈಟರ್ ಒಂದನ್ನು ಕೊಂಡು, ಬಸ್ಸಿನಲ್ಲಿ ತೊಡೆಯ ಮೇಲೆ ಇಟ್ಟುಕೊಂಡು ಗಂಗಾವತಿಗೆ ಬಂದೆ.

ಅಲ್ಲಿ ತಹಸೀಲ್ದಾರ್ ಕಚೇರಿಯ ಎದುರಿಗೆ ನನ್ನ ತಮ್ಮನ ಹೊಲಿಗೆ ಅಂಗಡಿ ಇತ್ತು. ಕಚೇರಿಗೆ ಬರುವವರಿಗೆ ಅರ್ಜಿ ಟೈಪು ಮಾಡಿಕೊಡಲು ಅರ್ಧ ಜಾಗ ನನಗೆ ಬಿಟ್ಟುಕೊಟ್ಟ. ಆದರೆ ಮೊದಲ ದಿನವೇ ಹೇಳಿದ: "ಅಕ್ಕಾ, ದೀಪಾವಳಿ ತನಕ ನೋಡೂಣು. ನಿನ್ನ ಟೇಬಲ್ ನಡದ್ರ ಛಲೋ ಆತು. ಇಲ್ಲಾಂದ್ರ ಅಲ್ಲಿ ಇನ್ನೊಂದು ಹೊಲಿಗಿ ಮಿಷಿನ್ ಹಾಕ್ತೀನಿ, ನೀ ಗುಂಡಿ ಹಚ್ಚು." ಅವನು ಹೇಳಿದ್ದು ನ್ಯಾಯವಾಗಿಯೇ ಇತ್ತು. ಆದರೂ ಜೀವಮಾನವಿಡೀ ಶರ್ಟಿಗೆ ಗುಂಡಿ ಹಚ್ಚುತ್ತ ಕೂರುವುದನ್ನು ನೆನೆದರೆ ನನಗೆ ಉಸಿರು ಕಟ್ಟುತ್ತಿತ್ತು.

ಅರ್ಜಿ ಬರೆಯುವವರಲ್ಲಿ ಒಂದು ರಿವಾಜು ಇತ್ತು. ಎಷ್ಟು ಕೊಡಬೇಕು ಎಂದು ಕೇಳಿದರೆ "ನಿಮ್ಮ ಖುಷಿರಿ" ಅನ್ನಬೇಕು. ನಾನೂ ಹಾಗೇ ಅಂದೆ. ಒಬ್ಬನ ಖುಷಿ ಎಂಟಾಣೆ. ಇನ್ನೊಬ್ಬನ ಖುಷಿ ಒಂದು ಕಪ್ ಚಹಾ. ಮತ್ತೊಬ್ಬ ಬರೀ ನಕ್ಕು ಹೋದ, ಅವನ ಖುಷಿ ಅಷ್ಟೇ ಇತ್ತು. ಸಾಕಾಗಿ ಪುಟಕ್ಕೆ ಇಷ್ಟು ಎಂದು ಗೊತ್ತು ಮಾಡಿದೆ. ಆಗ ನನ್ನ ದೊಡ್ಡ ಗಿರಾಕಿ, ಅಕ್ಕಿ ಗಿರಣಿಯ ಸಾವುಕಾರರು, ಕಾಗದದ ಅಂಚಿನ ಮೇಲೆ ಬೆರಳಿಟ್ಟರು. "ಹೊಲದಾಗ ಇಷ್ಟ ಅಗಲ ಒಡ್ಡು ಯಾರರ ಬಿಡ್ತಾರೇನವಾ? ಈ ಮೂಲಿಯಿಂದ ಆ ಮೂಲಿ ತನಕ ನಾಟಿ ಮಾಡು." ಎರಡು ಪುಟದ್ದನ್ನು ಒಂದೇ ಪುಟದಲ್ಲಿ ತುರುಕಿಸಿದರು. ಅದನ್ನು ಓದುವವರ ಕಣ್ಣಿನ ಪಾಡು ದೇವರಿಗೇ ಪ್ರೀತಿ.

ಸಿಟ್ಟಿನಲ್ಲಿದ್ದಾಗಲೇ ನನಗೆ ಟ್ರ್ಯಾಕ್ಟರ್ ಹೊಳೆದದ್ದು. ಕಾಲುವೆ ನೀರಿನ ಸೀಮೆ ನಮ್ಮದು. ಟ್ರ್ಯಾಕ್ಟರ್ ಬಾಡಿಗೆಯನ್ನು ತಾಸಿಗೆ ಇಷ್ಟು ಎಂದು ಕೊಡುವುದು ಎಲ್ಲರಿಗೂ ರೂಢಿ, ಅದರಲ್ಲಿ ಖುಷಿಯ ಮಾತೇ ಇಲ್ಲ. ಹಾಗಾದರೆ ನನಗೂ ತಾಸಿನ ಲೆಕ್ಕ ಯಾಕಾಗಬಾರದು? ಕೊಪ್ಪಳದ ಸಂಬಳವನ್ನು ತಾಸಿಗೆ ಹಂಚಿ ನೋಡಿದೆ. ಎರಡು ರೂಪಾಯಿಗೂ ಕಡಿಮೆ ಬಂತು. ಆದರೆ ಅಲ್ಲಿ ರಿಬ್ಬನ್ನು, ಕಾರ್ಬನ್ನು ಕಚೇರಿಯದು. ಕಿಟಕಿ ನೋಡುತ್ತ ಕೂತ ಹೊತ್ತಿಗೂ ಸಂಬಳ ಬರುತ್ತಿತ್ತು. ಇಲ್ಲಿ ಗಿರಾಕಿ ಬಾರದ ಹೊತ್ತು ನನ್ನ ತಲೆಯ ಮೇಲೆಯೇ. ಎಲ್ಲ ಕೂಡಿಸಿ "ತಾಸಿಗೆ ನಾಲ್ಕು ರೂಪಾಯಿ" ಎಂದು ರಟ್ಟಿನ ಮೇಲೆ ಬರೆದು ತೂಗುಹಾಕಿದೆ. ಮೇಜಿನ ಮೇಲೆ ಅಲಾರಂ ಗಡಿಯಾರ ಇಟ್ಟೆ.

ಸಾವುಕಾರರು ರಟ್ಟು ಓದಿ ಇದೇನು ಎಂದರು. ಟ್ರ್ಯಾಕ್ಟರಿನ ಬಾಡಿಗೆ ಇದ್ದ ಹಾಗೆ ಎಂದೆ. ನಕ್ಕರು. "ಆತವಾ, ತಾಸಿನ ಲೆಕ್ಕನ ಇರ್ಲಿ. ಆದ್ರ ಟ್ರ್ಯಾಕ್ಟರಿಗೆ ತಾಸು ಯಾವಾಗ ಶುರು ಆಕ್ಕೈತಿ? ನೇಗಿಲ ಮಣ್ಣಾಗ ಇಳದ ಮ್ಯಾಲ. ಊರಿಂದ ಹೊಲಕ್ಕ ಹೋಗಿದ್ದನ್ನ ಯಾರೂ ಲೆಕ್ಕಕ್ಕ ಹಿಡಿಯಂಗಿಲ್ಲ. ನಿನ್ನ ಮಿಷಿನ್ ಟಕಟಕ ಅಂದಷ್ಟ ಹೊತ್ತು ತಾಸು. ಸುಮ್ಮನ ಕುಂತದ್ದಕ್ಕ ಯಾರು ಕೊಡ್ತಾರ?"

ನಾನೇ ತಂದ ಟ್ರ್ಯಾಕ್ಟರು ನನ್ನ ಮೇಲೆಯೇ ಹರಿಯಿತು. ಅವರು ಎದುರು ಕೂತು ಕೈಗಡಿಯಾರ ನೋಡುವರು. ನಾನು ಕಾಗದ ಓದಲು ಕೈ ನಿಲ್ಲಿಸಿದರೆ "ತಾಸು ನಿಂತಿತು" ಎಂದು ಹೇಳುವರು. ಬೇರೆ ಗಿರಾಕಿಗಳೂ ಅದನ್ನೇ ಕಲಿತರು. ಮೈಮೇಲೆ ಇರುವೆ ಬಿಟ್ಟಂತೆ ಆಗುತ್ತಿತ್ತು ನನಗೆ. ಓದುವುದು, ಕೇಳುವುದು, ಯೋಚಿಸುವುದು ಎಲ್ಲ ಪುಕ್ಕಟೆ. ಒಂದು ದಿನ ಅವರ ಕಾಗದಗಳನ್ನು ಓದುತ್ತಲೇ ಖಾಲಿ ಹಾಳೆಯ ಮೇಲೆ ಸುಮ್ಮನೆ ಕೀಲಿ ಒತ್ತತೊಡಗಿದೆ. ಸದ್ದು ಇದ್ದರೆ ತಾಸು ಓಡುತ್ತದಲ್ಲ! ಸಾವುಕಾರರು ಹೋದ ಮೇಲೆ ನನ್ನ ತಮ್ಮ ಹೊಲಿಗೆಯಿಂದ ತಲೆ ಎತ್ತದೆಯೇ ಕೇಳಿದ: "ಅಕ್ಕಾ, ಬಟ್ಟಿ ಇಲ್ದ ಹೊಲ್ಯಾಕತ್ತಿದ್ದೇನು?" ನಾಚಿಕೆಯಾಯಿತು. ಕಳ್ಳತನ ಮಾಡಿದಷ್ಟೇ ನಾಚಿಕೆ.

ಅಂದಿನಿಂದ ಬೇರೆ ದಾರಿ ಹಿಡಿದೆ. ಕೇಳುವುದನ್ನೇ ಕಡಿಮೆ ಮಾಡಿದೆ. ಹೇಳಿದ್ದನ್ನು ಹೇಳಿದ ಹಾಗೆ ಟೈಪು ಮಾಡಿ ಕಳಿಸುವುದು.

ದೀಪಾವಳಿಗೆ ಎಂಟು ದಿನ ಇರುವಾಗ ಹುಲಿಹೈದರದಿಂದ ಒಬ್ಬ ಹೆಣ್ಣುಮಗಳು ಬಂದಳು. ಅಂಗನವಾಡಿ ಕೆಲಸಕ್ಕೆ ಅರ್ಜಿ. ಅವಳು ತನ್ನ ಮದುವೆಯ ಕಥೆ ಶುರು ಮಾಡಿದಳು. ನಾನು ಗಡಿಯಾರ ನೋಡಿ, "ಅದೆಲ್ಲಾ ಬ್ಯಾಡವಾ, ಹೆಸರು ಹೇಳು" ಅಂದೆ. ಹದಿನೈದು ನಿಮಿಷದಲ್ಲಿ ಅರ್ಜಿ ಮುಗಿಯಿತು. ಒಂದು ರೂಪಾಯಿ ಕೊಟ್ಟು ಹೋದಳು.

ಮರುದಿನ ಮುಂಜಾನೆ ಮೊದಲ ಬಸ್ಸಿಗೇ ಬಂದು ಅಂಗಡಿಯ ಮೆಟ್ಟಿಲ ಮೇಲೆ ಕೂತಿದ್ದಳು. ಹಿಂದಿನ ದಿನವೇ ಕಚೇರಿಯವರು ಅರ್ಜಿ ತಿರುಗಿ ಕೊಟ್ಟಿದ್ದರು. ಮದುವೆಯ ದಿನ ಅತ್ತೆ ಮನೆಯವರು ಅವಳ ಹೆಸರು ಬದಲಿಸಿದ್ದರು. ಶಾಲೆಯ ಸರ್ಟಿಫಿಕೇಟಿನಲ್ಲಿ ತವರಿನ ಹೆಸರು, ಅರ್ಜಿಯಲ್ಲಿ ಗಂಡನ ಮನೆಯ ಹೆಸರು. ಅವತ್ತು ಸಂಜೆಯೇ ಕಡೆಯ ಗಡುವು. "ಅದನ್ನ ಹೇಳಾಕ ಬಂದಿದ್ದೆರಿ," ಅಂದಳು ಮೆಲ್ಲಗೆ, "ನೀವು ಬ್ಯಾಡ ಅಂದ್ರಿ."

ಬೈದಿದ್ದರೆ ಚೆನ್ನಾಗಿತ್ತು. ನಮ್ಮ ಕಡೆ ಮನೆಮನೆಯಲ್ಲೂ ಎರಡು ಹೆಸರಿನ ಸೊಸೆಯಂದಿರು ಇದ್ದಾರೆ. ಅಷ್ಟೂ ಕೇಳದೆ ಹೋದೆನಲ್ಲ ಎಂದು ನನ್ನ ಮೇಲೆಯೇ ಅಸಹ್ಯವಾಯಿತು. ಅವಳನ್ನು ಕುರ್ಚಿಯ ಮೇಲೆ ಕೂರಿಸಿ, ಹುಟ್ಟಿದಾಗಿನಿಂದ ಎಲ್ಲ ಕೇಳಿದೆ. ಎರಡೂ ಹೆಸರು ಒಬ್ಬಳದೇ ಎಂಬ ಪ್ರಮಾಣಪತ್ರ ಬರೆದು, ಎದುರಿನ ಕಚೇರಿಗೆ ನಾನೇ ಅವಳ ಜೊತೆ ಹೋಗಿ ಸಹಿ ಮಾಡಿಸಿ, ಅರ್ಜಿಯನ್ನೂ ಕೊಡಿಸಿದೆ. ಹತ್ತು ನಿಮಿಷದ ಟೈಪಿಂಗಿಗೆ ಮೂರು ತಾಸು ಹಿಡಿಯಿತು. ಅವಳಿಂದ ಏನೂ ತೆಗೆದುಕೊಳ್ಳಲಿಲ್ಲ. ತಪ್ಪು ನನ್ನದಿತ್ತು.

ಆ ಮಧ್ಯಾಹ್ನವೇ ಸಾವುಕಾರರು ಒಂದು ಕಂತೆ ಕಾಗದ ಹಿಡಿದು ಬಂದರು. ಅವರು ಕೈಗಡಿಯಾರಕ್ಕೆ ಕೈ ಹಾಕುವ ಮೊದಲೇ ಹೇಳಿದೆ: "ಇವತ್ತಿಂದ ನೇಗಿಲ ಇಳದಾಗ ಅಲ್ರಿ. ನೀವು ಈ ಕುರ್ಚಿ ಮ್ಯಾಲ ಕುಂತಾಗಿಂದ ತಾಸು." ಇವರು ಹೋದರೆ ನನ್ನ ಮೇಜೂ ಹೋದ ಹಾಗೆ.

"ಹಂಗಂದ್ರ ಕುಂದ್ರಂಗೇ ಇಲ್ಲ," ಎಂದರು. ನಿಂತೇ ಇದ್ದರು. ನಿಂತುಕೊಂಡೇ ಒಂದೊಂದು ಕಾಗದ ತೋರಿಸಿ ವಿವರ ಹೇಳತೊಡಗಿದರು. ನಾನು ಕೈ ಕಟ್ಟಿ ಕೂತೆ. ಒಂದು ಕಾಲಿನ ಮೇಲೆ ನಿಂತರು, ಇನ್ನೊಂದರ ಮೇಲೆ ನಿಂತರು, ಬಾಗಿಲ ಚೌಕಟ್ಟಿಗೆ ಒರಗಿದರು. ಹೊಲಿಗೆ ಮಿಷಿನ್ನಿನ ಸದ್ದು ನಿಂತಿತ್ತು. ಕಂತೆಯಲ್ಲಿ ಇನ್ನೂ ಅರ್ಧ ಉಳಿದಿತ್ತು.

"ಭಾಳ ಹಟಮಾರಿ ಅದೀ ನೋಡವಾ," ಎಂದರು ಸಾವುಕಾರರು. ಮೊಣಕಾಲು ಹಿಡಿದುಕೊಂಡು ಕುರ್ಚಿಯ ಮೇಲೆ ಕೂತರು.

ನಾನು ಗಡಿಯಾರವನ್ನು ಅವರ ಕಡೆ ತಿರುಗಿಸಿದೆ. ಹಿಂದಿನಿಂದ ತಮ್ಮ ಗೊಣಗಿದ್ದು ಕೇಳಿಸಿತು: "ಗುಂಡಿ ಹಚ್ಚಾಕ ಬ್ಯಾರೆ ಯಾರನ್ನರ ನೋಡಬೇಕಾತು."